ಸರ್ಕಾರಿ ಪ್ರೌಢಶಾಲೆಗಳ ಸೈಬರ್ ಸುರಕ್ಷತೆಯನ್ನು ಯಾವ ಅಳತೆಗೋಲಿನಿಂದ ನೋಡಬೇಕು?

ಪ್ರಶ್ನೆ: ಹಳೆಯ ವಿದ್ಯಾರ್ಥಿ, ಬೆಂಗಳೂರು

ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕೆಲವರು ಸೇರಿ ಹಳೆಯ ವಿದ್ಯಾರ್ಥಿಗಳ ಬಳಗವೊಂದನ್ನು ನಡೆಸುತ್ತಿದ್ದೇವೆ. ಇದುವರೆಗೆ ಕಂಪ್ಯೂಟರ್, ಪ್ರೊಜೆಕ್ಟರ್, ನೀರಿನ ಫಿಲ್ಟರ್ ಇಂಥವನ್ನು ಕೊಡಿಸುತ್ತಿದ್ದೆವು. ಬಳಗದಲ್ಲಿ ನಾನೂ ಸೇರಿ ಮೂವರು ಮಾಹಿತಿ ಸುರಕ್ಷತೆಯ ಆಡಿಟ್ ಕೆಲಸದಲ್ಲಿರುವವರಾದ್ದರಿಂದ, ಈ ವರ್ಷ ವಸ್ತುಗಳನ್ನು ಕೊಡಿಸುವ ಬದಲು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳು ವಿದ್ಯಾರ್ಥಿಗಳ ಮಾಹಿತಿಯನ್ನು ಎಷ್ಟು ಭದ್ರವಾಗಿ ಇಟ್ಟುಕೊಂಡಿವೆ, ಕಾನೂನಿನ ಪ್ರಕಾರ ಎಷ್ಟರಮಟ್ಟಿಗೆ ನಡೆದುಕೊಳ್ಳುತ್ತಿವೆ ಎಂಬುದನ್ನು ನೋಡಿ, ಕೊರತೆಯಿದ್ದಲ್ಲಿ ಕೈಜೋಡಿಸೋಣ ಎಂದು ಯೋಚಿಸಿದ್ದೇವೆ.

ತೊಡಕಿರುವುದು ಅಳತೆಗೋಲಿನಲ್ಲಿ. ನಾವು ಕಂಪನಿಗಳಲ್ಲಿ ಬಳಸುವ, ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001ರ 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳಿವೆ, ಅಂದರೆ ಭದ್ರತಾ ಕ್ರಮಗಳು. ಅದನ್ನೇ ಸ್ವಲ್ಪ ಇಳಿಸಿ ಪ್ರಶ್ನಾವಳಿ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಎರಡು ಕೋಣೆ, ಒಂದು ಹಳೆಯ ಕಂಪ್ಯೂಟರ್, ಮುಖ್ಯ ಶಿಕ್ಷಕರ ಮೊಬೈಲ್ ಹಾಟ್‌ಸ್ಪಾಟ್ ಇರುವ ಶಾಲೆಗೆ ಅರ್ಥವೇ ಆಗುವುದಿಲ್ಲ. ಹಾಗೆಂದು ‘ಆಂಟಿವೈರಸ್ ಇದೆಯೇ, ಪಾಸ್‌ವರ್ಡ್ ಬದಲಿಸುತ್ತೀರಾ’ ಎಂದು ಕೇಳಿ ಟಿಕ್ ಹಾಕಿಕೊಂಡು ಬರುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಶಾಲೆಯ ಮಟ್ಟದಲ್ಲಿ ನಿಜವಾಗಿ ಏನನ್ನು ನೋಡಬೇಕು, ಯಾವ ಕಾನೂನು ಯಾರಿಗೆ ಅನ್ವಯಿಸುತ್ತದೆ, ನಮ್ಮಂಥ ಹೊರಗಿನವರು ಎಲ್ಲಿ ನಿಲ್ಲಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಮುಖ್ಯ ಶಿಕ್ಷಕಿ, ಉತ್ತರ ಕನ್ನಡ ಜಿಲ್ಲೆ

ಮೊದಲು ಒಂದು ವಿನಂತಿ. ಜೂನ್, ಜುಲೈ ತಿಂಗಳ ದಾಖಲಾತಿಯ ಸಮಯದಲ್ಲಾಗಲೀ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಿರುವಾಗಲಾಗಲೀ ಬರಬೇಡಿ. ಬಂದಾಗ ‘ತಪಾಸಣೆ’ ಎಂಬ ಮಾತನ್ನೂ ಆಡಬೇಡಿ. ಆ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲ ಪ್ರಶ್ನೆಗೂ ‘ಹೌದು’ ಎಂಬ ಉತ್ತರ ಸಿದ್ಧವಾಗುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ, ‘ಇಲ್ಲ’ ಎಂದರೆ ಮುಂದೆ ಯಾರು ವಿವರಣೆ ಕೇಳುತ್ತಾರೋ ಎಂಬ ಅಂಜಿಕೆ ಅಷ್ಟೆ.

ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು, ಶಾಲೆಯಲ್ಲಿ ಆನ್‌ಲೈನ್ ಕೆಲಸ ಮಾಡುವವರ ಪಕ್ಕ ಅರ್ಧ ದಿನ ಕುಳಿತುಕೊಳ್ಳಿ ಎಂಬುದು ನನ್ನ ಸಲಹೆ. ಅವರು ಯಾವಾಗಲೂ ಮುಖ್ಯ ಶಿಕ್ಷಕರೇ ಆಗಿರುವುದಿಲ್ಲ. ದ್ವಿತೀಯ ದರ್ಜೆ ಸಹಾಯಕರಿರಬಹುದು, ಕಂಪ್ಯೂಟರ್ ಬಲ್ಲ ಗಣಿತದ ಮೇಷ್ಟ್ರು ಇರಬಹುದು, ಕೆಲವೆಡೆ ಅತಿಥಿ ಶಿಕ್ಷಕರಿರಬಹುದು. ‘ಒಂದು ವರ್ಗಾವಣೆ ಪತ್ರ ತೆಗೆಯುವುದನ್ನು ತೋರಿಸಿ’ ಎಂದು ಕೇಳಿ ಸುಮ್ಮನೆ ನೋಡುತ್ತಾ ಕುಳಿತರೆ ಸಾಕು, ನಿಮಗೆ ಬೇಕಾದದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ ಹಾಳೆಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ಮಾಹಿತಿ ಪೋರ್ಟಲ್), ಯುಡೈಸ್ ಪ್ಲಸ್ (ಶಾಲೆಗಳ ಮಾಹಿತಿಯ ಕೇಂದ್ರ ಪೋರ್ಟಲ್), ವಿದ್ಯಾರ್ಥಿವೇತನದ ಪೋರ್ಟಲ್, ಪರೀಕ್ಷಾ ಮಂಡಳಿಯ ಲಾಗಿನ್, ಶಾಲೆಯ ಜಿಮೇಲ್ ಎಲ್ಲವೂ ಪಾಸ್‌ವರ್ಡ್ ಸಹಿತ ಸಾಲಾಗಿರುತ್ತವೆ. ಪಾಸ್‌ವರ್ಡ್‌ಗಳಲ್ಲಿ ಒಂದೆರಡು ಊರಿನ ಹೆಸರಿನ ಮುಂದೆ 123 ಬರೆದವು, ಇನ್ನೊಂದೆರಡು ಯುಡೈಸ್ ಸಂಖ್ಯೆಯ ಕೊನೆಯ ಅಂಕಿಗಳು. ಆ ಹನ್ನೊಂದು ಅಂಕಿಯ ಸಂಖ್ಯೆಯಾದರೋ ಶಾಲೆಯ ನಾಮಫಲಕದ ಮೇಲೆ, ಮೊಹರಿನಲ್ಲಿ, ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇರುವಂಥದ್ದು.

ಅನಂತರ ಒಟಿಪಿ ಬರಬೇಕು. ಅದು ಬರುವುದು ಮೂರು ವರ್ಷದ ಹಿಂದೆ ಪ್ರಭಾರದಲ್ಲಿದ್ದು ಈಗ ಬೇರೆ ತಾಲ್ಲೂಕಿಗೆ ಹೋಗಿರುವವರ ಮೊಬೈಲಿಗೆ. ಅವರಿಗೆ ಫೋನ್ ಮಾಡಿದರೆ ಅವರು ತರಗತಿಯಿಂದ ಹೊರಗೆ ಬಂದು ಅಂಕಿಗಳನ್ನು ಓದಿ ಹೇಳುತ್ತಾರೆ. ಇದನ್ನು ಸಹಕಾರವೆಂದೇ ನಾವೆಲ್ಲ ತಿಳಿದಿದ್ದೇವೆ, ಸಹಕಾರವೂ ಹೌದು. ಆದರೆ ಫೋನಿನಲ್ಲಿ ಒಟಿಪಿ ಓದಿ ಹೇಳುವುದನ್ನು ನಿತ್ಯದ ಅಭ್ಯಾಸ ಮಾಡಿಕೊಂಡ ಶಿಕ್ಷಕರಿಗೆ, ‘ಬ್ಯಾಂಕಿನವರು ಕೇಳಿದರೂ ಒಟಿಪಿ ಹೇಳಬೇಡಿ’ ಎಂಬ ಭಿತ್ತಿಪತ್ರವನ್ನು ಶಾಲೆಯ ಗೋಡೆಗೆ ಅಂಟಿಸುವ ನೈತಿಕ ಅಧಿಕಾರ ಎಷ್ಟಿದೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ ಪ್ರತಿಗಳದು. ಇಲಾಖೆಯ ಪೋರ್ಟಲ್‌ನಲ್ಲಿ ಇರುವ ಮಾಹಿತಿಯ ಭದ್ರತೆ ಇಲಾಖೆಯ ಹೊಣೆ, ಸರಿ. ಆದರೆ ಅದೇ ಮಾಹಿತಿ ಶಾಲೆಯ ಸುತ್ತ ಎಷ್ಟು ಕಡೆ ಚೆಲ್ಲಿರುತ್ತದೆ ಎಂಬುದನ್ನು ನೋಡಿ. ನೆಟ್‌ವರ್ಕ್ ಇಲ್ಲದ ದಿನ ಹೋಬಳಿ ಕೇಂದ್ರದ ಸೈಬರ್ ಸೆಂಟರಿಗೆ ಹೋಗುತ್ತೇವೆ. ಮಕ್ಕಳ ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ತಾಯಿಯ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಸ್ಕ್ಯಾನ್ ಆಗಿ ಅಲ್ಲಿನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದುಬಿಡುತ್ತವೆ. ಕ್ಲಸ್ಟರ್ ಮಟ್ಟದ ವಾಟ್ಸಾಪ್ ಗುಂಪಿನಲ್ಲಿ ಮಧ್ಯಾಹ್ನ ಎರಡಕ್ಕೆ ‘ಸಂಜೆ ನಾಲ್ಕರೊಳಗೆ ಕಡ್ಡಾಯವಾಗಿ ಕಳುಹಿಸಿ’ ಎಂಬ ಸಂದೇಶ ಬರುತ್ತದೆ. ಹೆಸರು, ಜಾತಿ, ಆಧಾರ್, ಖಾತೆ ಸಂಖ್ಯೆ ಇರುವ ಎಕ್ಸೆಲ್ ಹಾಳೆಗಳು ಒಂದರ ಹಿಂದೊಂದು ಅದೇ ಗುಂಪಿಗೆ ಬಂದು ಬೀಳುತ್ತವೆ. ನಿವೃತ್ತರಾದವರೂ ವರ್ಗವಾಗಿ ಹೋದವರೂ ಆ ಗುಂಪಿನಲ್ಲಿ ಇನ್ನೂ ಇರುತ್ತಾರೆ. ಹೀಗಾಗಿ, ಕೀಲಿ ಯಾರ ಕೈಯಲ್ಲಿದೆ ಮತ್ತು ಪ್ರತಿಗಳು ಎಲ್ಲೆಲ್ಲಿವೆ ಎಂಬ ಎರಡನ್ನು ಅಳೆಯದ ಯಾವ ಪ್ರಶ್ನಾವಳಿಯೂ ನಮ್ಮ ಶಾಲೆಗಳ ಮಟ್ಟಿಗೆ ಕೆಲಸಕ್ಕೆ ಬಾರದು.

ಕಂಪ್ಯೂಟರ್ ಲ್ಯಾಬಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಅಲ್ಲಿ ಮಕ್ಕಳ ಚಿತ್ರ, ಪಾಠದ ವಿಡಿಯೊ ಬಿಟ್ಟರೆ ಕಳೆದುಕೊಳ್ಳುವಂಥದ್ದು ಹೆಚ್ಚಿಲ್ಲ. ಆದರೆ ಬಳಗದಿಂದ ಕೊಡಿಸಿದ ಯಂತ್ರಗಳಲ್ಲಿ ವಿಂಡೋಸ್ 10 ಇದ್ದರೆ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ ಎಂಬುದನ್ನು ಕೊಡಿಸಿದವರೇ ನೆನಪಿಡಬೇಕು. ಕೇರಳದಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರದ ಕೈಟ್ ಸಂಸ್ಥೆ ಸರ್ಕಾರಿ ಶಾಲೆಗಳಿಗೆ ವಿಂಡೋಸ್ ಬದಲು ಉಚಿತ ಉಬುಂಟು ಆಧಾರಿತ ವ್ಯವಸ್ಥೆಯನ್ನು ವರ್ಷಗಳಿಂದ ಕೊಡುತ್ತಾ ಬಂದಿದೆ. ನೀವೂ ಆ ದಾರಿಯನ್ನು ಯೋಚಿಸಬಹುದು.

ಉತ್ತರ 2: ವಕೀಲ, ಧಾರವಾಡ

ಕಾನೂನಿನ ಪ್ರಶ್ನೆಗೆ ಸೀಮಿತವಾಗಿ ಉತ್ತರಿಸುತ್ತೇನೆ.

2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ದತ್ತಾಂಶ ಮಂಡಳಿಗೆ ಸಂಬಂಧಿಸಿದ ನಿಯಮಗಳು ಕೂಡಲೇ ಜಾರಿಗೆ ಬಂದವಾದರೂ, ಭದ್ರತಾ ಕ್ರಮಗಳು, ಸೋರಿಕೆಯ ಸೂಚನೆ, ಮಕ್ಕಳ ಮಾಹಿತಿಗೆ ಸಂಬಂಧಿಸಿದ ಹೊಣೆಗಳು ಇವೆಲ್ಲಕ್ಕೆ ಹದಿನೆಂಟು ತಿಂಗಳ ಅವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳು. ಈ ಕಾಯ್ದೆಯಲ್ಲಿ ಹದಿನೆಂಟು ವರ್ಷ ತುಂಬದವರೆಲ್ಲರೂ ಮಕ್ಕಳೇ ಆದ್ದರಿಂದ ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದರ ರಕ್ಷಣೆಯಡಿ ಬರುತ್ತಾರೆ. ಕಾಗದದ ದಾಖಲಾತಿ ವಹಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಆ ವಹಿಯ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದ ಕ್ಷಣದಿಂದ ಅನ್ವಯಿಸುತ್ತದೆ.

ಎಲ್ಲರೂ ಕೇಳುವುದು ದಂಡದ ವಿಚಾರ. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ ಎಂಬುದನ್ನು ಹಿಡಿದು ಮುಖ್ಯ ಶಿಕ್ಷಕರನ್ನು ಹೆದರಿಸುವ ಉಪನ್ಯಾಸಗಳನ್ನು ನಾನು ಕೇಳಿದ್ದೇನೆ, ಅದು ಅನ್ಯಾಯ. ಕಾಯ್ದೆಯು ಹೊಣೆ ಹೊರಿಸುವುದು ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಯಾವ ವಿಧಾನದಲ್ಲಿ ಬಳಸಬೇಕೆಂದು ನಿರ್ಧರಿಸುವವರ ಮೇಲೆ, ಕೀಲಿಮಣೆ ಒತ್ತುವವರ ಮೇಲಲ್ಲ. ಸ್ಯಾಟ್ಸ್‌ನಲ್ಲಿ ಏನು ತುಂಬಬೇಕು ಎಂಬುದನ್ನು ನಿರ್ಧರಿಸುವುದು ಇಲಾಖೆ. ಆದರೆ ಶಾಲೆಯೇ ಮುಂದಾಗಿ ಸಿಸಿಟಿವಿ ಹಾಕಿಸಿದರೆ, ದಾನಿಯೊಬ್ಬರು ಕೊಟ್ಟ ಕಲಿಕಾ ಆ್ಯಪ್‌ಗೆ ಮಕ್ಕಳ ಹೆಸರು, ಮೊಬೈಲ್ ಸಂಖ್ಯೆಯನ್ನು ಸೇರಿಸಿದರೆ, ಆ ನಿರ್ಧಾರ ಶಾಲೆಯದು ಮತ್ತು ಹೊಣೆಯೂ ಶಾಲೆಯ ಕಡೆಗೆ ವಾಲುತ್ತದೆ ಎಂಬುದು ನನ್ನ ಓದು. ನಿಮ್ಮ ಮೌಲ್ಯಮಾಪನದಲ್ಲಿ ಈ ಎರಡು ಬಗೆಯ ಮಾಹಿತಿಯನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ.

ಪೋಷಕರ ಪರಿಶೀಲಿತ ಒಪ್ಪಿಗೆ ಎಲ್ಲದಕ್ಕೂ ಬೇಕೆಂದು ಭಾವಿಸಬೇಕಾಗಿಲ್ಲ. ಸರ್ಕಾರವು ಸಹಾಯಧನ, ಸೌಲಭ್ಯ, ಪ್ರಮಾಣಪತ್ರ ನೀಡುವ ಸಲುವಾಗಿ ಮಾಹಿತಿ ಬಳಸುವುದಕ್ಕೆ ಏಳನೇ ಪ್ರಕರಣದಲ್ಲಿ ಅವಕಾಶವಿದೆ. ಶಿಕ್ಷಣ ಸಂಸ್ಥೆಗಳು ತಮ್ಮ ಶೈಕ್ಷಣಿಕ ಚಟುವಟಿಕೆಗೆ ಮತ್ತು ಮಕ್ಕಳ ಸುರಕ್ಷತೆಗೆ ನಡೆಸುವ ನಿಗಾವಣೆಗೆ ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿ ವಿನಾಯಿತಿಯಿದೆ. ವಿನಾಯಿತಿ ಇರುವುದು ಒಪ್ಪಿಗೆ ಮತ್ತು ನಿಗಾವಣೆಯ ವಿಚಾರಕ್ಕೆ ಮಾತ್ರ, ಭದ್ರತೆಯ ಹೊಣೆಗೆ ಯಾವ ವಿನಾಯಿತಿಯೂ ಇಲ್ಲ.

ಇನ್ನು 2027ರವರೆಗೆ ಕಾಯದೆ ಇಂದೇ ಅನ್ವಯಿಸುವಂಥದ್ದು, ಸೈಬರ್ ದುರ್ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನ. ಅದು ಸರ್ಕಾರಿ ಸಂಸ್ಥೆಗಳನ್ನೂ ಒಳಗೊಳ್ಳುತ್ತದೆ. ಮಾಹಿತಿ ಸೋರಿಕೆ, ರಾನ್ಸಮ್‌ವೇರ್ (ಮಾಹಿತಿಗೆ ಬೀಗ ಹಾಕಿ ಹಣ ಕೇಳುವ ದಾಳಿ), ಜಾಲತಾಣ ವಿರೂಪಗೊಳಿಸುವುದು, ಸಾಮಾಜಿಕ ಜಾಲತಾಣದ ಖಾತೆಗೆ ಅನಧಿಕೃತ ಪ್ರವೇಶ ಮುಂತಾದವು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಅದು ಹೇಳುತ್ತದೆ. ಹಣ ಹೋದ ಪ್ರಕರಣವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಿಮ್ಮ ಶಾಲೆಗಳಲ್ಲಿ ಎಷ್ಟು ಮಂದಿಗೆ ಈ ಆರು ಗಂಟೆಯ ವಿಷಯ ಗೊತ್ತಿದೆ ಎಂದು ಕೇಳಿ ನೋಡಿ. ಗೊತ್ತಿದ್ದರೂ ಶಾಲೆಯಿಂದ ಮೊದಲು ಯಾರಿಗೆ ಫೋನ್ ಹೋಗಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೋ ಉಪನಿರ್ದೇಶಕರ ಕಚೇರಿಗೋ ಎಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ ಆರು ಗಂಟೆ ಅಲ್ಲಿಯೇ ಕಳೆದುಹೋಗುತ್ತದೆ.

ಆಧಾರ್ ಬಗ್ಗೆ ಒಂದು ಮಾತು. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿಯೇ ಹೇಳಿದೆ. ಬೇಕೇಬೇಕಾದ ಕಡೆಯೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕಾಗುವುದೇ ಎಂದು ಮೊದಲು ನೋಡಬೇಕು.

ಉತ್ತರ 3: ಶಾಲಾ ಜಿಲ್ಲೆಯೊಂದರ ಐಟಿ ವಿಭಾಗದ ಉದ್ಯೋಗಿ, ಅಮೆರಿಕ

ಇಲ್ಲಿ ಶಾಲಾ ಜಿಲ್ಲೆಯೆಂದರೆ ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಆಡಳಿತ ಘಟಕ. ಹಣವಿದೆ, ಪ್ರತ್ಯೇಕ ಐಟಿ ವಿಭಾಗವಿದೆ, ಆದರೂ ಪಾಠಗಳು ಬಹುಮಟ್ಟಿಗೆ ಅವೇ. 2021ರ ಅಕ್ಟೋಬರ್‌ನಲ್ಲಿ ಜಾರಿಯಾದ ಶಾಲಾ ಸೈಬರ್ ಸುರಕ್ಷತಾ ಕಾಯ್ದೆಯ ಮೇರೆಗೆ ಒಕ್ಕೂಟ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸಿಸಾ 2023ರ ಜನವರಿಯಲ್ಲಿ ಒಂದು ವರದಿ ಕೊಟ್ಟಿತು. ಶಾಲೆಗಳಿಗೆ ಎಲ್ಲವನ್ನೂ ಮಾಡುವ ಶಕ್ತಿಯಿಲ್ಲ ಎಂಬುದನ್ನು ಒಪ್ಪಿಕೊಂಡೇ ಆ ವರದಿ ಹೊರಟಿತ್ತು. ಎರಡು ಹಂತದ ದೃಢೀಕರಣ, ಈಗಾಗಲೇ ದುರ್ಬಳಕೆಯಾಗುತ್ತಿರುವ ತಂತ್ರಾಂಶದ ದೋಷಗಳಿಗೆ ತೇಪೆ, ಬ್ಯಾಕಪ್ ತೆಗೆದು ಅದನ್ನು ಮರಳಿ ತರಿಸಿ ನೋಡುವುದು, ಅನಾವಶ್ಯಕವಾಗಿ ಹೊರಗೆ ತೆರೆದಿಟ್ಟದ್ದನ್ನು ಮುಚ್ಚುವುದು, ದುರ್ಘಟನೆಯ ಯೋಜನೆ, ತರಬೇತಿ ಇಷ್ಟರಿಂದ ಆರಂಭಿಸಿ ಎಂದಿತು. ನಿಮ್ಮ 93ಕ್ಕಿಂತ ಈ ಆರು ಹತ್ತಿರದವು.

ಎರಡು ಪ್ರಕರಣಗಳನ್ನು ಹೇಳಿ ಮುಗಿಸುತ್ತೇನೆ. ಲಾಸ್ ಏಂಜಲೀಸ್‌ನ ಸಾರ್ವಜನಿಕ ಶಾಲಾ ಜಿಲ್ಲೆ ದೇಶದಲ್ಲೇ ಎರಡನೆಯ ದೊಡ್ಡದು. ಅದರ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ರಾನ್ಸಮ್‌ವೇರ್ ದಾಳಿ ನಡೆದದ್ದು ಕಾರ್ಮಿಕ ದಿನದ ಸಾಲು ರಜೆಯಲ್ಲಿ. ಹಣ ಕೊಡಲು ಒಪ್ಪದಿದ್ದಾಗ ಕದ್ದ ಮಾಹಿತಿಯನ್ನು ಜಾಲದಲ್ಲಿ ಹರಿಯಬಿಟ್ಟರು. ದಸರಾ ರಜೆಯಲ್ಲಿ ನಿಮ್ಮ ಶಾಲೆಯ ಖಾತೆಗಳನ್ನು ಯಾರು ನೋಡುತ್ತಾರೆ ಎಂಬುದು ಕೇಳಬೇಕಾದ ಪ್ರಶ್ನೆ. ಎರಡನೆಯದು ಪವರ್‌ಸ್ಕೂಲ್. ಸಾವಿರಾರು ಶಾಲಾ ಜಿಲ್ಲೆಗಳು ಬಳಸುವ ವಿದ್ಯಾರ್ಥಿ ಮಾಹಿತಿ ತಂತ್ರಾಂಶ ಅದು. 2024ರ ಡಿಸೆಂಬರ್‌ನಲ್ಲಿ ಅದರ ಗ್ರಾಹಕ ಸಹಾಯ ಪೋರ್ಟಲ್‌ಗೆ ಕದ್ದ ಲಾಗಿನ್ ಬಳಸಿ ಒಳಹೊಕ್ಕು ಮಾಹಿತಿಯನ್ನು ಹೊತ್ತೊಯ್ದರು. ಕಂಪನಿ ಹಣ ಕೊಟ್ಟಿತು. ಆದರೂ 2025ರ ಮೇ ತಿಂಗಳಲ್ಲಿ ಅದೇ ಮಾಹಿತಿ ಹಿಡಿದು ಶಾಲೆಗಳಿಗೆ ಮತ್ತೆ ಬೆದರಿಕೆ ಬಂದಿತು. ಶಾಲೆ ಬಿಟ್ಟು ಎಷ್ಟೋ ವರ್ಷವಾದವರ ದಾಖಲೆಗಳೂ ಅದರಲ್ಲಿದ್ದವು, ಯಾಕೆಂದರೆ ಯಾರೂ ಅಳಿಸಿರಲಿಲ್ಲ. ಶಾಲೆ ತನ್ನ ಪಾಲಿನದನ್ನೆಲ್ಲ ಮಾಡಿದ್ದರೂ ಮೇಲಿನ ಕೊಂಡಿ ಸಡಿಲವಿದ್ದರೆ ಹೀಗಾಗುತ್ತದೆ. ಭಾರತದಲ್ಲಿಯೂ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದ ಮಾಹಿತಿ ಕ್ಲೌಡ್ ಸರ್ವರ್ ಒಂದರಲ್ಲಿ ಭದ್ರತೆಯಿಲ್ಲದೆ ತೆರೆದಿತ್ತೆಂದು 2023ರ ಜನವರಿಯಲ್ಲಿ ಪತ್ರಿಕಾ ವರದಿ ಬಂದದ್ದು ನಿಮಗೆ ನೆನಪಿರಬಹುದು. ಅದರಲ್ಲಿ ಲಕ್ಷಗಟ್ಟಲೆ ಶಿಕ್ಷಕರ, ವಿದ್ಯಾರ್ಥಿಗಳ ವಿವರಗಳಿದ್ದವು.

ಉಚಿತ ನೆರವಿನ ಮೇಲೆಯೇ ಪೂರ್ತಿ ನಿಲ್ಲುವುದೂ ಕಷ್ಟ. ಇಲ್ಲಿನ ಶಾಲೆಗಳು ನೆಚ್ಚಿಕೊಂಡಿದ್ದ, ಸೈಬರ್ ಅಪಾಯಗಳ ಬಗ್ಗೆ ಎಚ್ಚರಿಕೆ ಮತ್ತು ನೆರವು ಕೊಡುವ ಬಹುರಾಜ್ಯ ಮಾಹಿತಿ ಹಂಚಿಕೆ ಕೇಂದ್ರಕ್ಕೆ ಒಕ್ಕೂಟ ಸರ್ಕಾರದ ಹಣ 2025ರ ಸೆಪ್ಟೆಂಬರ್ ಕೊನೆಗೆ ನಿಂತುಹೋಯಿತು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ನಮ್ಮ ಮೌಲ್ಯಮಾಪನ ಮೂರು ಸಂಗತಿಗಳ ಸುತ್ತ ಇರಲಿ ಎಂದುಕೊಳ್ಳುತ್ತೇನೆ: ಲಾಗಿನ್‌ಗಳು ಮತ್ತು ಅವುಗಳಿಗೆ ಜೋಡಿಸಿದ ಮೊಬೈಲ್ ಸಂಖ್ಯೆಗಳು ಯಾರ ಹಿಡಿತದಲ್ಲಿವೆ, ಮಕ್ಕಳ ಮಾಹಿತಿಯ ಪ್ರತಿಗಳು ಎಲ್ಲೆಲ್ಲಿ ಉಳಿದಿವೆ, ಏನಾದರೂ ನಡೆದರೆ ಆರು ಗಂಟೆಯೊಳಗೆ ಯಾರು ಯಾರಿಗೆ ತಿಳಿಸುತ್ತಾರೆ. ಎರಡು ಅನುಮಾನಗಳು ಉಳಿದಿವೆ. ಶಾಲೆಯ ಖಾತೆಯ ಮೂಲಕ ಇಲಾಖೆಯ ಪೋರ್ಟಲ್‌ಗಳ ದೋಷಗಳನ್ನೂ ಪರೀಕ್ಷಿಸಿ ನೋಡೋಣ ಎಂದು ನಮ್ಮಲ್ಲೊಬ್ಬರು ಹೇಳುತ್ತಿದ್ದಾರೆ. ಎರಡನೆಯದಾಗಿ, ಕಂಡುಕೊಂಡದ್ದನ್ನು ವರದಿಯಾಗಿ ಯಾರಿಗೆ ಕೊಡಬೇಕು?

ಉತ್ತರ 4: ವಕೀಲ, ಧಾರವಾಡ

ಮೊದಲನೆಯದನ್ನು ಖಂಡಿತ ಮಾಡಬೇಡಿ. ಮಾಲೀಕರ ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಪ್ರಕರಣದಡಿ ಬರುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಪ್ರಕರಣದಂತೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಿಮ್ಮ ಉದ್ದೇಶ ಒಳ್ಳೆಯದೆಂದು ಸಾಬೀತುಪಡಿಸುವ ಕೆಲಸಕ್ಕೆ ವರ್ಷಗಳು ಹಿಡಿಯುತ್ತವೆ, ಲಾಗಿನ್ ಕೊಟ್ಟ ಮುಖ್ಯ ಶಿಕ್ಷಕರು ಅಷ್ಟರೊಳಗೆ ಅಮಾನತಾಗಿರುತ್ತಾರೆ. ಶಾಲೆಯ ಒಳಗೆ ನೋಡುವುದಕ್ಕೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಲಿಖಿತ ಅನುಮತಿ ಇರಲಿ. ಯಾವ ಲಾಗಿನ್ ಕೂಡ ನಿಮ್ಮ ಕೈಗೆ ಬರಬಾರದು, ಅವರು ಟೈಪ್ ಮಾಡಲಿ, ನೀವು ನೋಡಿ. ಪೋರ್ಟಲ್‌ನಲ್ಲಿ ದೋಷವೇನಾದರೂ ತಾನಾಗಿ ಕಣ್ಣಿಗೆ ಬಿದ್ದರೆ ಸರ್ಟ್-ಇನ್‌ಗೆ ತಿಳಿಸುವ ದಾರಿಯಿದೆ.

ವರದಿಯನ್ನು ಶಾಲೆಯ ಹೆಸರು ಹಿಡಿದು ಸಾರ್ವಜನಿಕವಾಗಿ ಹಂಚಬೇಡಿ. ಯಾವ ಶಾಲೆಯ ಪಾಸ್‌ವರ್ಡ್ ದುರ್ಬಲ ಎಂಬ ಪಟ್ಟಿ ನಿಮ್ಮ ಬಳಗದ ವಾಟ್ಸಾಪ್‌ನಲ್ಲಿ ಓಡಾಡಿದರೆ ನೀವು ತಡೆಯಲು ಹೊರಟ ಅನಾಹುತಕ್ಕೆ ನೀವೇ ದಾರಿ ತೋರಿಸಿದಂತೆ. ಶಾಲೆಯದು ಶಾಲೆಗೆ, ಒಟ್ಟು ತಾಲ್ಲೂಕಿನದು ಹೆಸರಿಲ್ಲದೆ ಶಿಕ್ಷಣಾಧಿಕಾರಿಗಳಿಗೆ ಹೋಗಲಿ.

ಉತ್ತರ 5: ಮುಖ್ಯ ಶಿಕ್ಷಕಿ, ಉತ್ತರ ಕನ್ನಡ ಜಿಲ್ಲೆ

ಸುಧಾರಣೆಯ ಭಾಗದ ಬಗ್ಗೆ ಒಂದು ಸೂಚನೆ ಸೇರಿಸುತ್ತೇನೆ. ಹೊಸ ನೀತಿ, ಹೊಸ ಸಮಿತಿ ಎಂದು ಹೊರಟರೆ ಅದು ಕಡತದಲ್ಲಿಯೇ ಉಳಿಯುತ್ತದೆ. ನಮ್ಮಲ್ಲಿ ಈಗಾಗಲೇ ಚಾಚೂ ತಪ್ಪದೆ ನಡೆಯುವ ಒಂದು ಕ್ರಮವಿದೆ, ಅದು ಪ್ರಭಾರ ಹಸ್ತಾಂತರ. ವರ್ಗವಾಗಿ ಹೋಗುವ ಮುಖ್ಯ ಶಿಕ್ಷಕರು ನಗದು ವಹಿ, ದಾಸ್ತಾನು ವಹಿ, ಬೀರುವಿನ ಕೀಲಿ, ಗ್ರಂಥಾಲಯದ ಪುಸ್ತಕ, ಬಿಸಿಯೂಟದ ಅಕ್ಕಿ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿ ಕೊಡದೆ ಬಿಡುಗಡೆಯಾಗುವುದಿಲ್ಲ. ಒಂದು ಚಾಪೆ ಕಡಿಮೆ ಬಂದರೂ ವಿವರಣೆ ಕೊಡಬೇಕು. ಆದರೆ ನಾನು ಕಂಡ ಪಟ್ಟಿಗಳಲ್ಲಿ ಒಂದರಲ್ಲಿಯೂ ಲಾಗಿನ್‌ಗಳ ಉಲ್ಲೇಖವಿರಲಿಲ್ಲ.

ಆ ಪಟ್ಟಿಗೆ ಒಂದು ಪುಟ ಸೇರಿಸುವಂತೆ ಮಾಡಿದರೆ ನಿಮ್ಮ ಮೂರರಲ್ಲಿ ಮೊದಲನೆಯ ಸಮಸ್ಯೆ ಬಹುಪಾಲು ತಾನೇ ಇಳಿಯುತ್ತದೆ. ಯಾವ ಯಾವ ಖಾತೆಗಳಿವೆ, ಪ್ರತಿಯೊಂದಕ್ಕೂ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿದೆಯೇ, ಪಾಸ್‌ವರ್ಡನ್ನು ಹೊಸಬರು ತಮ್ಮ ಕೈಯಾರೆ ಬದಲಿಸಿದ್ದಾರೆಯೇ, ಹಿಂದಿನವರು ಶಾಲೆಯ ವಾಟ್ಸಾಪ್ ಗುಂಪುಗಳಿಂದ ಹೊರಬಂದು ತಮ್ಮ ಫೋನಿನಲ್ಲಿದ್ದ ಮಕ್ಕಳ ದಾಖಲೆಗಳನ್ನು ಅಳಿಸಿದ್ದಾರೆಯೇ ಎಂಬುದಕ್ಕೆ ಇಬ್ಬರ ಸಹಿ ಬೀಳಬೇಕು. ಪಾಸ್‌ವರ್ಡನ್ನು ಮಾತ್ರ ಆ ಹಾಳೆಯಲ್ಲಿ ಬರೆಯಕೂಡದು. ಶಾಲೆಯ ಹೆಸರಿನಲ್ಲಿಯೇ ಒಂದು ಸಿಮ್ ಪಡೆದು, ಕಚೇರಿಯಲ್ಲಿಯೇ ಇರುವ ಸಾದಾ ಫೋನಿಗೆ ಅದನ್ನು ಹಾಕಿ, ಒಟಿಪಿಗಳೆಲ್ಲ ಅಲ್ಲಿಗೆ ಬರುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಅದರ ರೀಚಾರ್ಜ್ ಖರ್ಚನ್ನು ನಿಮ್ಮ ಬಳಗ ವಹಿಸಿಕೊಳ್ಳಬಹುದು, ಪ್ರೊಜೆಕ್ಟರಿಗಿಂತ ಅಗ್ಗ.

ಪ್ರತಿಗಳ ವಿಷಯ ನಮ್ಮ ಕೈಮೀರಿದ್ದು. ‘ಸಂಜೆ ನಾಲ್ಕರೊಳಗೆ’ ಎಂದು ಎಕ್ಸೆಲ್ ಕೇಳುವವರು ಮೇಲಿನವರು, ಬೇಡವೆನ್ನುವ ಸ್ಥಾನದಲ್ಲಿ ನಾವಿಲ್ಲ. ಪೋರ್ಟಲ್‌ನಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಮತ್ತೆ ಗುಂಪಿನಲ್ಲಿ ಕೇಳಬಾರದು, ಕೇಳಲೇಬೇಕಾದರೆ ಆಧಾರ್ ಮತ್ತು ಖಾತೆ ಸಂಖ್ಯೆಯ ಕಾಲಂ ಇರಬಾರದು ಎಂಬ ಎರಡು ಸಾಲಿನ ಸುತ್ತೋಲೆ ತಾಲ್ಲೂಕು ಮಟ್ಟದಲ್ಲಿ ಹೊರಟರೆ ನೂರು ತರಬೇತಿಗಳಿಗಿಂತ ಹೆಚ್ಚು ಫಲ ಸಿಗುತ್ತದೆ. ಆ ಸುತ್ತೋಲೆಯನ್ನು ಕೇಳುವ ಧೈರ್ಯ ಹೊರಗಿನವರಾದ ನಿಮಗಿದೆ. ಹೆಸರಿಲ್ಲದ ತಾಲ್ಲೂಕು ವರದಿಯನ್ನು ಶಿಕ್ಷಣಾಧಿಕಾರಿಗಳಿಗೆ ಕೊಡುವ ದಿನ ಸುತ್ತೋಲೆಯ ಕರಡನ್ನೂ ಹಸ್ತಾಂತರ ಪುಟದ ನಮೂನೆಯನ್ನೂ ಜೊತೆಯಲ್ಲಿಯೇ ಕೊಂಡೊಯ್ಯಿರಿ. ಸಾಧ್ಯವಾದರೆ ಈ ಸಾಲಿನ ವರ್ಗಾವಣೆ ಕೌನ್ಸೆಲಿಂಗ್ ಆರಂಭವಾಗುವ ಮೊದಲೇ ಅದು ಅವರ ಮೇಜಿನ ಮೇಲಿರಲಿ.